ಉಪ್ಪು ಮೆರುಗಿನ ಸ್ಟೋನ್‌ವೇರ್ ಕುಂಬಾರಿಕೆ ಮತ್ತು ಡೌನ್‌ಡ್ರಾಫ್ಟ್ ಭಟ್ಟಿ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಕುಂಬಾರಿಕೆ ವೃತ್ತಿಯಲ್ಲಿ ತೊಡಗಿರುವವರು ಹಾಗೂ ಸೆರಾಮಿಕ್ ಕಿರು ಘಟಕ ಸ್ಥಾಪಿಸಲು ಇಚ್ಛಿಸುವವರು ಭಟ್ಟಿ ನಿರ್ಮಾಣಕ್ಕಾಗಿ ಸಾಲ, ಸಹಾಯಧನ ಅಥವಾ ಅನುಮತಿ ಕೋರಿ ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ತಾಂತ್ರಿಕ ಅಂಶಗಳನ್ನು ಮತ್ತು ಪಾಲಿಸಬೇಕಾದ ನಿಯಮಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ಒದಗಿಸಲಾಗಿದೆ.

ಉಪ್ಪು ಮೆರುಗಿನ ವಿಧಾನವು ಸರಳ ಹಾಗೂ ಮಿತವ್ಯಯದ್ದಾಗಿ ಕಂಡುಬರುತ್ತದೆ. ಮೆರುಗಿನ ಪುಡಿಯನ್ನು ಅರೆಯುವ, ಕಲಸುವ, ಪಾತ್ರೆಗೆ ಲೇಪಿಸುವ ಕೆಲಸ ಇದರಲ್ಲಿ ಇರುವುದಿಲ್ಲ. ಸಾಮಾನ್ಯ ಉಪ್ಪು ಮತ್ತು ಬೆಂಕಿಯೇ ಸಾಕಾಗುತ್ತದೆ. ಆದರೆ ಅರ್ಜಿದಾರರು ಎರಡು ಸಂಗತಿಗಳನ್ನು ಆರಂಭದಲ್ಲಿಯೇ ಮನದಟ್ಟು ಮಾಡಿಕೊಳ್ಳಬೇಕು.

(ಅ) ಪಾತ್ರೆಗೆ ಹೊಳಪು ನೀಡುವ ರಾಸಾಯನಿಕ ಕ್ರಿಯೆಯೇ ಆಮ್ಲದ ಅನಿಲವನ್ನೂ ಉಂಟುಮಾಡುತ್ತದೆ. ಒಂದನ್ನು ಪಡೆದು ಇನ್ನೊಂದನ್ನು ಸಂಪೂರ್ಣವಾಗಿ ತಪ್ಪಿಸಲು ಬರುವುದಿಲ್ಲ.

(ಆ) ಒಮ್ಮೆ ಉಪ್ಪು ಹಾಕಿ ಸುಟ್ಟ ಭಟ್ಟಿಯು ಬೇರೆ ಬಗೆಯ ಮೆರುಗಿನ ಕೆಲಸಕ್ಕೆ ಮರಳಿ ಒದಗುವುದಿಲ್ಲ. ಒಳಗೋಡೆಯ ಇಟ್ಟಿಗೆಗಳು ಸೋಡಿಯಂ ಹೀರಿಕೊಂಡು, ಮುಂದಿನ ಪ್ರತಿ ಸುಡುವಿಕೆಯಲ್ಲಿಯೂ ಅದನ್ನು ಆವಿಯಾಗಿ ಬಿಡುತ್ತವೆ.

ಆದ್ದರಿಂದ ಭಟ್ಟಿಯ ಸ್ಥಳ, ವಿನ್ಯಾಸ ಮತ್ತು ಉತ್ಪನ್ನದ ಆಯ್ಕೆಯನ್ನು ಸಾಲದ ಅರ್ಜಿಗೆ ಮೊದಲೇ ನಿರ್ಧರಿಸುವುದು ಅರ್ಜಿದಾರರ ಹಿತದೃಷ್ಟಿಯಿಂದ ಅವಶ್ಯಕವಾಗಿರುತ್ತದೆ.

2. ಉಪ್ಪು ಮೆರುಗು ಎಂದರೇನು?

ಮಣ್ಣಿನ ಪಾತ್ರೆಯ ಮೇಲೆ ಗಾಜಿನಂತಹ ತೆಳುವಾದ, ನೀರು ಇಳಿಯದ ಪದರವನ್ನು ಮೆರುಗು ಎಂದು ಕರೆಯಲಾಗುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ಮೆರುಗಿನ ದ್ರಾವಣವನ್ನು ಪಾತ್ರೆಗೆ ಬಳಿದು ಅಥವಾ ಪಾತ್ರೆಯನ್ನು ಅದರಲ್ಲಿ ಅದ್ದಿ, ಒಣಗಿಸಿ, ಅನಂತರ ಸುಡಲಾಗುತ್ತದೆ. ಉಪ್ಪು ಮೆರುಗಿನಲ್ಲಿ ಹಸಿ ಪಾತ್ರೆಯನ್ನು ಬರಿದಾಗಿಯೇ ಭಟ್ಟಿಯಲ್ಲಿ ಜೋಡಿಸಿ, ಶಾಖವು ಸುಮಾರು 1200 ರಿಂದ 1300 ಡಿಗ್ರಿ ಸೆಲ್ಸಿಯಸ್‌ಗೆ ತಲುಪಿದಾಗ ಒಲೆಯ ಬಾಯಿಗೆ ಉಪ್ಪನ್ನು ಹಾಕಲಾಗುತ್ತದೆ.

ಅಡುಗೆ ಉಪ್ಪಿನ ರಾಸಾಯನಿಕ ಹೆಸರು ಸೋಡಿಯಂ ಕ್ಲೋರೈಡ್. ಇದು 801 ಡಿಗ್ರಿಯಲ್ಲಿ ಕರಗುತ್ತದೆ. ಭಟ್ಟಿಯ ತೀವ್ರ ಶಾಖದಲ್ಲಿ ಆವಿಯಾಗುತ್ತದೆ. ಈ ಆವಿಯು ನೀರಾವಿಯೊಡನೆ ವರ್ತಿಸಿದಾಗ ಸೋಡಿಯಂ ಆಕ್ಸೈಡ್ ಮತ್ತು ಹೈಡ್ರೋಜನ್ ಕ್ಲೋರೈಡ್ ಅನಿಲ ಬೇರ್ಪಡುತ್ತವೆ. ಸೋಡಿಯಂ ಆಕ್ಸೈಡ್ ಕಾದ ಮಣ್ಣಿನಲ್ಲಿರುವ ಸಿಲಿಕಾ ಮತ್ತು ಅಲ್ಯುಮಿನಾಗಳೊಡನೆ ಕೂಡಿ ಗಾಜಾಗುತ್ತದೆ. ಅಂದರೆ ಮೆರುಗಿನ ಬಹುಪಾಲು ದ್ರವ್ಯವನ್ನು ಪಾತ್ರೆಯ ಮಣ್ಣೇ ಒದಗಿಸುತ್ತದೆ. ಉಪ್ಪು ಆ ಮಣ್ಣಿನ ಮೇಲ್ಮೈಯನ್ನು ಕರಗಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಈ ಕಾರಣದಿಂದ ಮೆರುಗು ಪಾತ್ರೆಯಿಂದ ಸುಲಭವಾಗಿ ಸುಲಿದು ಬೀಳುವುದಿಲ್ಲ.

ಇದರ ಗುರುತುಗಳು ಈ ಕೆಳಕಂಡಂತಿವೆ:

- ಕಿತ್ತಳೆ ಹಣ್ಣಿನ ಸಿಪ್ಪೆಯಂತೆ ಸಣ್ಣ ಸಣ್ಣ ಕುಳಿಗಳುಳ್ಳ ಮೇಲ್ಮೈ.
- ಮಣ್ಣಿನಲ್ಲಿರುವ ಕಬ್ಬಿಣದ ಅಂಶಕ್ಕೆ ಅನುಗುಣವಾಗಿ ಬೂದು, ಜೇನು, ಕಂದು ಬಣ್ಣ.
- ಜ್ವಾಲೆ ತಾಗಿದ ಬದಿಯಲ್ಲಿ ದಟ್ಟ ಮೆರುಗು, ಮರೆಯಾದ ಬದಿಯಲ್ಲಿ ತೆಳು ಮೆರುಗು.
- ಗೆರೆ, ಅಚ್ಚು, ಕೆತ್ತನೆಗಳ ಸೂಕ್ಷ್ಮ ವಿವರ ಮುಚ್ಚಿಹೋಗದೆ ಸ್ಪಷ್ಟವಾಗಿ ಉಳಿಯುವುದು.

ಉಪ್ಪು ಮೆರುಗಿನಲ್ಲಿ ಸೀಸ ಇರುವುದಿಲ್ಲ. ಕಡಿಮೆ ಶಾಖದ ಪಾತ್ರೆಗಳಿಗೆ ಹಿಂದೆ ವ್ಯಾಪಕವಾಗಿ ಬಳಸುತ್ತಿದ್ದ ಸೀಸದ ಮೆರುಗು ಸರಿಯಾಗಿ ಬೇಯದಿದ್ದಲ್ಲಿ, ಹುಣಸೆ, ನಿಂಬೆ, ಮಜ್ಜಿಗೆಯಂತಹ ಹುಳಿ ಪದಾರ್ಥಗಳಲ್ಲಿ ಸೀಸವು ಕರಗಿ ಆಹಾರವನ್ನು ಸೇರುವ ಅಪಾಯವಿರುತ್ತದೆ. ಚೆನ್ನಾಗಿ ಸುಟ್ಟ ಉಪ್ಪು ಮೆರುಗಿನ ಪಾತ್ರೆಯು ಹುಳಿಗೂ ಹೆಚ್ಚಿನ ಆಮ್ಲಗಳಿಗೂ ಜಗ್ಗುವುದಿಲ್ಲ. ಉಪ್ಪಿನಕಾಯಿ ಜಾಡಿ, ಆಮ್ಲದ ಜಾಡಿ ಮತ್ತು ಒಳಚರಂಡಿ ಕೊಳವೆಗಳಿಗೆ ಸ್ಟೋನ್‌ವೇರ್ ಬಳಕೆಗೆ ಬಂದುದು ಈ ಗುಣದಿಂದಲೇ. ಆದರೆ ಮಾರುಕಟ್ಟೆಯಲ್ಲಿ ದೊರೆಯುವ ಎಲ್ಲ ಜಾಡಿಗಳೂ ಉಪ್ಪು ಮೆರುಗಿನವು ಎಂದು ಭಾವಿಸಬಾರದು. ಬಿಳಿ ಮತ್ತು ಕಂದು ಎರಡು ಬಣ್ಣದ ನುಣುಪಾದ ಜಾಡಿಗಳು ಸಾಮಾನ್ಯವಾಗಿ ಅದ್ದಿ ಲೇಪಿಸಿದ ಮೆರುಗಿನವಾಗಿರುತ್ತವೆ.

3. ಹಿನ್ನೆಲೆ

ಉಪ್ಪು ಮೆರುಗು ಜರ್ಮನಿಯ ರೈನ್ ನದೀ ಪ್ರದೇಶದಲ್ಲಿ ಮಧ್ಯಯುಗದ ಅಂತ್ಯದ ವೇಳೆಗೆ ರೂಢಿಗೆ ಬಂದಿತು. ಕಲೋನ್, ಫ್ರೆಷೆನ್, ವೆಸ್ಟರ್‌ವಾಲ್ಡ್ ಮುಂತಾದ ಕಡೆಗಳಲ್ಲಿ ಸೌದೆ ಉರಿಸುವ ಭಟ್ಟಿಗಳ ಛಾವಣಿಯ ರಂಧ್ರಗಳ ಮೂಲಕ ಉಪ್ಪನ್ನು ಸುರಿಯಲಾಗುತ್ತಿತ್ತು. ವೆಸ್ಟರ್‌ವಾಲ್ಡ್‌ನ ಬೂದು ಮಣ್ಣಿನ ಮೇಲೆ ಕೋಬಾಲ್ಟ್ ನೀಲಿಯ ಅಲಂಕಾರವುಳ್ಳ ಹೂಜಿಗಳು ಇಂದಿಗೂ ಪ್ರಸಿದ್ಧವಾಗಿವೆ. ಇಂಗ್ಲೆಂಡಿನಲ್ಲಿ ಫುಲ್ಹಾಮ್‌ನ ಜಾನ್ ಡ್ವೈಟ್ 1672 ರಲ್ಲಿ ಸ್ಟೋನ್‌ವೇರ್ ತಯಾರಿಕೆಗೆ ಪೇಟೆಂಟ್ ಪಡೆದರು.

ಹತ್ತೊಂಬತ್ತನೆಯ ಶತಮಾನದಲ್ಲಿ ನಗರಗಳ ನೈರ್ಮಲ್ಯ ಕಾರ್ಯವು ಈ ವಿಧಾನಕ್ಕೆ ದೊಡ್ಡ ಬೇಡಿಕೆಯನ್ನು ತಂದಿತು. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಹೆನ್ರಿ ಡೌಲ್ಟನ್ 1846 ರಲ್ಲಿ ಸ್ಟೋನ್‌ವೇರ್ ಚರಂಡಿ ಕೊಳವೆಗಳ ಕಾರ್ಖಾನೆಯನ್ನು ಆರಂಭಿಸಿದರು. ಕೊಳಚೆ ನೀರು ಇಂಗದ, ತುಕ್ಕು ಹಿಡಿಯದ, ಒಳಮೈ ನುಣುಪಾಗಿರುವ ಈ ಕೊಳವೆಗಳು ಬೇಗನೆ ಹರಡಿದವು. ಭಾರತದಲ್ಲಿ ಬಂಗಾಳದ ರಾಣಿಗಂಜ್‌ನ ಬರ್ನ್ ಕಂಪನಿಯ ಕುಂಬಾರಿಕೆ ಕಾರ್ಖಾನೆಯು ಇಂತಹ ಕೊಳವೆಗಳಿಗೆ ಹೆಸರಾಗಿತ್ತು. ಮುಂದೆ ಗುಜರಾತಿನ ಥಾನ್‌ಗಢ, ತಮಿಳುನಾಡಿನ ವೃದ್ಧಾಚಲಂ ಮುಂತಾದೆಡೆ ಸ್ಟೋನ್‌ವೇರ್ ಘಟಕಗಳು ಬೆಳೆದವು. ಮೆರುಗಿನ ಸ್ಟೋನ್‌ವೇರ್ ಕೊಳವೆಗಳಿಗೆ ಭಾರತೀಯ ಮಾನಕ ಐ.ಎಸ್. 651 ಅನ್ವಯಿಸುತ್ತದೆ.

ಬ್ರಿಟನ್ನಿನಲ್ಲಿ 1952 ರ ಡಿಸೆಂಬರ್ ತಿಂಗಳಿನಲ್ಲಿ ಲಂಡನ್ನನ್ನು ಕವಿದ ದಟ್ಟ ಹೊಗೆಯಿಂದ ಸಾವಿರಾರು ಜನರು ಮೃತಪಟ್ಟ ನಂತರ, 1956 ರಲ್ಲಿ ಶುದ್ಧ ಗಾಳಿ ಕಾಯಿದೆ ಜಾರಿಗೆ ಬಂದಿತು. ಅದರ ನಂತರದ ವರ್ಷಗಳಲ್ಲಿ ಅಲ್ಲಿನ ಕೊಳವೆ ಕಾರ್ಖಾನೆಗಳು ಉಪ್ಪು ಮೆರುಗನ್ನು ಕೈಬಿಟ್ಟವು. ಮೆರುಗಿಲ್ಲದೆಯೇ ನೀರು ತಡೆಯುವಷ್ಟು ಗಟ್ಟಿಯಾಗಿ ಮಣ್ಣನ್ನು ಬೇಯಿಸುವ ತಂತ್ರ ಅಷ್ಟರಲ್ಲಿ ಲಭ್ಯವಾಗಿತ್ತು. ಇಂದು ಉಪ್ಪು ಮೆರುಗು ಪ್ರಪಂಚದಾದ್ಯಂತ ಹೆಚ್ಚಾಗಿ ಕೈಕಸುಬಿನ ಮತ್ತು ಕಲಾ ಕುಂಬಾರಿಕೆಯಲ್ಲಿ ಉಳಿದುಕೊಂಡಿದೆ.

ಕರ್ನಾಟಕದ ಸಾಂಪ್ರದಾಯಿಕ ಕುಂಬಾರಿಕೆ ಹಾಗೂ 1865 ರಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಮಂಗಳೂರು ಹಂಚಿನ ಉದ್ಯಮ ಎರಡೂ ಮೆರುಗಿಲ್ಲದ ಕೆಂಪು ಮಣ್ಣಿನ ಉತ್ಪನ್ನಗಳನ್ನು ಅವಲಂಬಿಸಿವೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆಯು ಈ ಕಸುಬಿನ ತರಬೇತಿಗೆ ಹೆಸರಾದ ಸಂಸ್ಥೆಯಾಗಿದೆ. ಕೆಂಪು ಮಣ್ಣಿನ ಕೆಲಸದಿಂದ ಸ್ಟೋನ್‌ವೇರ್‌ಗೆ ಬರುವವರಿಗೆ ಮಣ್ಣು, ಶಾಖ, ಭಟ್ಟಿ ಮೂರೂ ಹೊಸತಾಗಿರುತ್ತವೆ.

4. ಮಣ್ಣಿನ ಆಯ್ಕೆ

ಹಳ್ಳಿಯ ಆವಿಗೆಯಲ್ಲಿ ಮಡಕೆ, ಹಣತೆಗಳು ಸಾಮಾನ್ಯವಾಗಿ 700 ರಿಂದ 900 ಡಿಗ್ರಿ ಶಾಖದಲ್ಲಿ ಬೇಯುತ್ತವೆ. ಈ ಶಾಖದಲ್ಲಿ ಉಪ್ಪು ಹಾಕಿದರೆ ಮೆರುಗು ಮೂಡುವುದಿಲ್ಲ. ಅದೇ ಕೆಂಪು ಮಣ್ಣನ್ನು 1250 ಡಿಗ್ರಿಗೆ ಏರಿಸಿದರೆ ಪಾತ್ರೆ ಉಬ್ಬಿ, ಬಾಗಿ, ಕುಸಿಯುತ್ತದೆ. ಆದ್ದರಿಂದ ಕೆರೆ ಮಣ್ಣು ಈ ಕೆಲಸಕ್ಕೆ ತಾನೇ ತಾನಾಗಿ ಯೋಗ್ಯವಲ್ಲ.

ಉಪ್ಪು ಮೆರುಗಿಗೆ ಬೇಕಾದ ಮಣ್ಣಿನ ಗುಣಗಳು:

- 1200 ಡಿಗ್ರಿಗೂ ಮೇಲ್ಪಟ್ಟ ಶಾಖದಲ್ಲಿ ಆಕಾರ ಕೆಡದೆ ನಿಲ್ಲುವುದು.
- ಸಿಲಿಕಾ ಸಾಕಷ್ಟು ಇರುವುದು. ಸಿಲಿಕಾ ಕಡಿಮೆಯಿದ್ದು ಅಲ್ಯುಮಿನಾ ಹೆಚ್ಚಾಗಿದ್ದರೆ ಮೆರುಗು ಮಂಕಾಗಿ ಅಥವಾ ಒಣಗಿದಂತೆ ಕಾಣುತ್ತದೆ.
- ಕಬ್ಬಿಣ ಮಿತವಾಗಿರುವುದು. ತೀರ ಕಡಿಮೆ ಇದ್ದರೆ ಬೂದು ಅಥವಾ ಬಿಳಿ, ಹೆಚ್ಚಿದಂತೆ ಕಂದು ಬಣ್ಣ ಬರುತ್ತದೆ.
- ಸುಟ್ಟ ನಂತರ ನೀರು ಹೀರುವಿಕೆ ಅತ್ಯಲ್ಪವಾಗಿರುವುದು.

ಅಗ್ನಿನಿರೋಧಕ ಜೇಡಿ, ಚೀನಿ ಜೇಡಿ, ಕ್ವಾರ್ಟ್ಸ್ ಮತ್ತು ಫೆಲ್ಡ್‌ಸ್ಪಾರ್‌ಗಳ ಮಿಶ್ರಣದಿಂದ ಇಂತಹ ಮಣ್ಣನ್ನು ಸಿದ್ಧಪಡಿಸಲಾಗುತ್ತದೆ. ಹೊಸ ಮಣ್ಣಿನ ಮಾದರಿಯನ್ನು ತರಬೇತಿ ಸಂಸ್ಥೆಯ ಅಥವಾ ಪರಿಚಿತ ಘಟಕದ ಭಟ್ಟಿಯಲ್ಲಿ ಮೊದಲು ಸುಟ್ಟು ನೋಡಿ, ಅದರ ಫಲಿತಾಂಶವನ್ನು ಯೋಜನಾ ವರದಿಗೆ ಲಗತ್ತಿಸುವುದು ಒಳಿತು. ಭಟ್ಟಿ ಕಟ್ಟಿದ ನಂತರ ಮಣ್ಣು ಒಗ್ಗದೆಂದು ತಿಳಿದುಬಂದರೆ ಸಾಲದ ಹೊರೆ ಮಾತ್ರ ಉಳಿಯುತ್ತದೆ.

ಕಿರಿದಾದ ಬಾಯಿಯ ಪಾತ್ರೆಗಳ ಒಳಭಾಗಕ್ಕೆ ಉಪ್ಪಿನ ಆವಿ ಸರಿಯಾಗಿ ತಲುಪುವುದಿಲ್ಲ. ಜಾಡಿ, ಹೂಜಿ, ಬಾಟಲಿಗಳ ಒಳಮೈಗೆ ಸೀಸರಹಿತ ಮೆರುಗನ್ನು ಮೊದಲೇ ಲೇಪಿಸತಕ್ಕದ್ದು. ಆಹಾರ ಪದಾರ್ಥ ತುಂಬುವ ಪಾತ್ರೆಗಳಲ್ಲಿ ಇದನ್ನು ಕಡೆಗಣಿಸುವಂತಿಲ್ಲ.

5. ಡೌನ್‌ಡ್ರಾಫ್ಟ್ ಭಟ್ಟಿಯ ರಚನೆ

ಸಾಂಪ್ರದಾಯಿಕ ಭಟ್ಟಿಯಲ್ಲಿ ಬೆಂಕಿ ಕೆಳಗಿದ್ದು ಜ್ವಾಲೆ ಮೇಲಕ್ಕೆ ಹೋಗುತ್ತದೆ. ಕೆಳಗಿನ ಪಾತ್ರೆಗಳು ಹೆಚ್ಚು ಬೆಂದು ಮೇಲಿನವು ಕಡಿಮೆ ಬೇಯುತ್ತವೆ. ಬಿಸಿಯೂ ಬೇಗನೆ ಹೊರಹೋಗುತ್ತದೆ. ಡೌನ್‌ಡ್ರಾಫ್ಟ್ ಭಟ್ಟಿಯಲ್ಲಿ ಜ್ವಾಲೆಯನ್ನು ತಿರುಗಿಸಿ ಕೆಳಮುಖವಾಗಿ ಎಳೆಯಲಾಗುತ್ತದೆ. ಅದರ ದಾರಿ ಹೀಗಿರುತ್ತದೆ:

(1) ಬದಿಯಲ್ಲಿರುವ ಒಲೆಗಳಲ್ಲಿ ಸೌದೆ, ಕಲ್ಲಿದ್ದಲು, ಎಣ್ಣೆ ಅಥವಾ ಅನಿಲ ಉರಿಯುತ್ತದೆ.
(2) ಒಲೆಯ ಮುಂದಿನ ಗಿಡ್ಡ ತಡೆಗೋಡೆಯು ಜ್ವಾಲೆಯು ನೇರವಾಗಿ ಪಾತ್ರೆಗೆ ಬಡಿಯದಂತೆ ತಡೆದು ಮೇಲಕ್ಕೆ ತಿರುಗಿಸುತ್ತದೆ.
(3) ಕಮಾನು ಛಾವಣಿಗೆ ತಾಗಿದ ಜ್ವಾಲೆಯು ಹರಡಿಕೊಂಡು ಕೆಳಕ್ಕೆ ಇಳಿಯುತ್ತದೆ.
(4) ಪಾತ್ರೆಗಳ ನಡುವೆ ಹಾದು ನೆಲದ ರಂಧ್ರಗಳ ಮೂಲಕ ನೆಲದಡಿಯ ಕಾಲುವೆಯನ್ನು ಸೇರುತ್ತದೆ.
(5) ಅಲ್ಲಿಂದ ಚಿಮಣಿಯ ಮೂಲಕ ಹೊರಹೋಗುತ್ತದೆ. ಚಿಮಣಿಯ ಎಳೆತವನ್ನು ಡ್ಯಾಂಪರ್ ಹಲಗೆಯಿಂದ ಹೆಚ್ಚು ಕಡಿಮೆ ಮಾಡಲಾಗುತ್ತದೆ.

ಉಪ್ಪು ಮೆರುಗಿಗೆ ಈ ರಚನೆಯಿಂದ ಅನುಕೂಲವಿದೆ. ಒಲೆಯಲ್ಲಿ ಹುಟ್ಟಿದ ಉಪ್ಪಿನ ಆವಿಯು ಜ್ವಾಲೆಯೊಡನೆ ಮೇಲೇರಿ, ಇಳಿದು, ಇಡೀ ಕೋಣೆಯನ್ನು ಸುತ್ತಿದ ನಂತರವೇ ಹೊರಹೋಗುತ್ತದೆ. ಡ್ಯಾಂಪರನ್ನು ಸ್ವಲ್ಪ ಮುಚ್ಚಿದರೆ ಆವಿಯು ಪಾತ್ರೆಗಳ ನಡುವೆ ಕೆಲ ನಿಮಿಷ ತಂಗುತ್ತದೆ.

ಚಿಮಣಿಯ ಎತ್ತರಕ್ಕೆ ಕುಂಬಾರರು ಬಳಸುವ ಒಂದು ಸ್ಥೂಲ ಲೆಕ್ಕವಿದೆ: ಜ್ವಾಲೆಯು ಕೆಳಕ್ಕಿಳಿಯುವ ಪ್ರತಿ 1 ಅಡಿಗೆ 3 ಅಡಿ, ಮತ್ತು ಅಡ್ಡಲಾಗಿ ಸಾಗುವ ಪ್ರತಿ 3 ಅಡಿಗೆ 1 ಅಡಿ. ಉದಾಹರಣೆಗೆ, ಕೋಣೆಯ ಎತ್ತರ 4 ಅಡಿ ಮತ್ತು ಚಿಮಣಿಯವರೆಗಿನ ಅಡ್ಡ ದೂರ 6 ಅಡಿ ಇದ್ದಲ್ಲಿ, 12 ಮತ್ತು 2 ಸೇರಿ 14 ಅಡಿ ಎತ್ತರದ ಚಿಮಣಿ ಬೇಕಾಗುತ್ತದೆ. ಇದು ಎಳೆತಕ್ಕೆ ಸಾಕಾಗುವ ಎತ್ತರ ಮಾತ್ರ. ಹೊಗೆಯು ನೆರೆಹೊರೆಗೆ ತಾಗದಂತೆ ನಿಯಮಾನುಸಾರ ಇರಬೇಕಾದ ಎತ್ತರ ಇದಕ್ಕಿಂತ ಹೆಚ್ಚಾಗಿರಬಹುದು. ಎರಡರಲ್ಲಿ ಹೆಚ್ಚಿನದನ್ನು ಯೋಜನಾ ವರದಿಯಲ್ಲಿ ತೋರಿಸತಕ್ಕದ್ದು.

ಇಟ್ಟಿಗೆಯ ಆಯ್ಕೆಯಲ್ಲಿ ವಿಶೇಷ ಎಚ್ಚರಿಕೆ ಅವಶ್ಯಕ. ಹಗುರವಾದ ಶಾಖನಿರೋಧಕ ಇಟ್ಟಿಗೆಯನ್ನು ಒಳಮೈಗೆ ಬಳಸಿದರೆ ಉಪ್ಪಿನ ಆವಿಯು ಅದನ್ನು ಬೇಗನೆ ತಿಂದುಹಾಕುತ್ತದೆ. ಒಳಗೋಡೆಗೆ ಗಟ್ಟಿಯಾದ, ಅಲ್ಯುಮಿನಾ ಹೆಚ್ಚಿರುವ ಅಗ್ನಿನಿರೋಧಕ ಇಟ್ಟಿಗೆ, ಅದರ ಹೊರಗೆ ಹಗುರ ಇಟ್ಟಿಗೆ ಎಂಬ ಕ್ರಮ ಸೂಕ್ತ. ಪಾತ್ರೆ ಇಡುವ ಹಲಗೆಗಳಿಗೆ ಅಲ್ಯುಮಿನಾ ಲೇಪನ ಮಾಡಬೇಕು. ಪ್ರತಿ ಪಾತ್ರೆಯ ಅಡಿಗೂ ಮುಚ್ಚಳದ ಅಂಚಿಗೂ ಅಲ್ಯುಮಿನಾ ಮತ್ತು ಚೀನಿ ಜೇಡಿ ಕಲಸಿದ ಸಣ್ಣ ಗುಂಡುಗಳನ್ನು ಇಡಬೇಕು. ಇಲ್ಲವಾದಲ್ಲಿ ಪಾತ್ರೆಯು ಹಲಗೆಗೂ, ಮುಚ್ಚಳವು ಪಾತ್ರೆಗೂ ಬೆಸೆದುಕೊಳ್ಳುತ್ತದೆ.

6. ಸುಡುವ ಕ್ರಮ

ಚಿಕ್ಕ ಭಟ್ಟಿಯಲ್ಲಿ ಒಂದು ಸುಡುವಿಕೆಗೆ ಸಾಮಾನ್ಯವಾಗಿ ಅರ್ಧ ದಿನದಿಂದ ಒಂದು ದಿನ ಬೇಕಾಗುತ್ತದೆ. ಕೊಳವೆ ಕಾರ್ಖಾನೆಗಳ ದೊಡ್ಡ ಭಟ್ಟಿಗಳಿಗೆ ಹಲವು ದಿನಗಳು ಹಿಡಿಯುತ್ತವೆ.

ಮೊದಲ ಹಂತ: ಪಾತ್ರೆಯಲ್ಲಿ ಉಳಿದಿರುವ ತೇವ ಹೋಗುವವರೆಗೆ ಅತಿ ನಿಧಾನವಾದ ಉರಿ. ಇಲ್ಲಿ ಅವಸರ ಮಾಡಿದರೆ ಪಾತ್ರೆಗಳು ಸಿಡಿಯುತ್ತವೆ.

ಎರಡನೆಯ ಹಂತ: 573 ಡಿಗ್ರಿಯಲ್ಲಿ ಕ್ವಾರ್ಟ್ಸ್ ಹಿಗ್ಗುವುದರಿಂದ ಅದರ ಆಸುಪಾಸಿನಲ್ಲಿ ಸಾವಧಾನವಾಗಿ ದಾಟಿ, ನಂತರ ಮಣ್ಣಿನಲ್ಲಿರುವ ಸಾವಯವ ಅಂಶ ಉರಿದುಹೋಗಲು ಕಾಲಾವಕಾಶ ಕೊಡುವುದು.

ಮೂರನೆಯ ಹಂತ: ತಾಪಸೂಚಕ ಶಂಕುಗಳು ಬಾಗಿ, ಮಣ್ಣು ಬೆಂದಿದೆಯೆಂದು ಖಚಿತವಾದ ನಂತರ ಉಪ್ಪು ಹಾಕುವುದು. ಮಣ್ಣು ಬೇಯುವ ಮೊದಲೇ ಉಪ್ಪು ಹಾಕಿದರೆ ಮೆರುಗು ಹಿಡಿಯದೆ ಉಪ್ಪು ವ್ಯರ್ಥವಾಗಿ ಹೊಗೆಯೊಡನೆ ಹೋಗುತ್ತದೆ. ಸ್ವಲ್ಪ ನೀರು ಚಿಮುಕಿಸಿದ ಹರಳುಪ್ಪನ್ನು ಕಾಗದದ ಪೊಟ್ಟಣಗಳಲ್ಲಿ ಕಟ್ಟಿ ಅಥವಾ ಕಬ್ಬಿಣದ ಪಟ್ಟಿಯ ಮೇಲಿಟ್ಟು ಒಲೆಯೊಳಕ್ಕೆ ಸರಿಸಲಾಗುತ್ತದೆ. ಒಮ್ಮೆಲೇ ಸುರಿಯದೆ, 10 ರಿಂದ 20 ನಿಮಿಷಗಳ ಅಂತರದಲ್ಲಿ ಕಂತು ಕಂತಾಗಿ ಹಾಕಬೇಕು. ಪ್ರತಿ ಕಂತಿಗೂ ಶಾಖ ಇಳಿಯುವುದರಿಂದ, ಮುಂದಿನ ಕಂತಿಗೆ ಮೊದಲು ಅದು ಮತ್ತೆ ಏರಲು ಬಿಡಬೇಕು.

ಉಪ್ಪಿನ ಪ್ರಮಾಣವನ್ನು ಹೊಸ ಭಟ್ಟಿಗೆ ಪ್ರತಿ ಘನ ಅಡಿಗೆ ಸುಮಾರು ಕಾಲು ಕಿಲೋ ಎಂದು ಅಂದಾಜಿಸಿ ಆರಂಭಿಸಬಹುದು. ಒಳಗೋಡೆಯೂ ಉಪ್ಪನ್ನು ಹೀರುವುದರಿಂದ ಮೊದಲ ಕೆಲವು ಸುಡುವಿಕೆಗಳಲ್ಲಿ ಹೆಚ್ಚು ಬೇಕಾಗುತ್ತದೆ. ಗೋಡೆಗೆ ಮೆರುಗು ಕಟ್ಟಿದ ನಂತರ ಕಡಿಮೆ ಸಾಕಾಗುತ್ತದೆ. ಸಾಕೋ ಬೇಕೋ ಎಂಬುದನ್ನು ತಿಳಿಯಲು ಅದೇ ಮಣ್ಣಿನಿಂದ ಮಾಡಿದ ಬಳೆಗಳನ್ನು ನೋಟರಂಧ್ರದ ಹಿಂದೆ ಇರಿಸಿ, ಕಂತುಗಳ ನಡುವೆ ಒಂದೊಂದನ್ನೇ ಕಬ್ಬಿಣದ ಸರಳಿನಿಂದ ಹೊರತೆಗೆದು, ನೀರಿನಲ್ಲಿ ತಣಿಸಿ ಪರೀಕ್ಷಿಸಲಾಗುತ್ತದೆ. ಬೆಂಕಿಯ ಬಣ್ಣ ನೋಡಿ ಅಂದಾಜಿಸುವುದಕ್ಕಿಂತ ಈ ಬಳೆಯ ಸಾಕ್ಷ್ಯ ಹೆಚ್ಚು ನಂಬಲರ್ಹ.

ನಾಲ್ಕನೆಯ ಹಂತ: ಕೊನೆಯ ಕಂತಿನ ನಂತರ ಡ್ಯಾಂಪರ್ ತೆರೆದು ಆವಿಯನ್ನು ಹೊರಹಾಕಿ, ಸುಮಾರು 1000 ಡಿಗ್ರಿಯವರೆಗೆ ಬೇಗನೆ ಇಳಿಸಿ, ಅನಂತರ ಭಟ್ಟಿಯನ್ನು ಮುಚ್ಚಿ ನಿಧಾನವಾಗಿ ತಣಿಯಲು ಬಿಡುವುದು. ಮೇಲಿನ ಶಾಖದಲ್ಲಿ ನಿಧಾನಿಸಿದರೆ ಮೆರುಗು ಮಂಕಾಗುವ ಸಂಭವವಿರುತ್ತದೆ.

7. ಹೊಗೆ, ಆಮ್ಲ ಮತ್ತು ಸುರಕ್ಷತೆ

ರಸಾಯನಶಾಸ್ತ್ರದ ಲೆಕ್ಕದಂತೆ 10 ಕಿಲೋ ಉಪ್ಪು ಪೂರ್ಣವಾಗಿ ವರ್ತಿಸಿದಲ್ಲಿ ಸುಮಾರು 6.2 ಕಿಲೋ ಹೈಡ್ರೋಜನ್ ಕ್ಲೋರೈಡ್ ಉತ್ಪತ್ತಿಯಾಗುತ್ತದೆ. ಇದು 40 ಘನ ಅಡಿಯ ಒಂದು ಸಣ್ಣ ಭಟ್ಟಿಯ ಲೆಕ್ಕ. ವಾಸ್ತವದಲ್ಲಿ ಉಪ್ಪಿನ ಒಂದು ಭಾಗ ವರ್ತಿಸದೆ ಉಪ್ಪಾಗಿಯೇ ಹೊರಹೋಗುತ್ತದೆ. ಚಿಮಣಿಯಿಂದ ಏಳುವ ದಟ್ಟ ಬಿಳಿ ಹೊಗೆಯಲ್ಲಿ ತಣಿದ ಉಪ್ಪಿನ ಕಣಗಳೂ ನೀರಾವಿಯೂ ಸೇರಿರುತ್ತವೆ. ಆದರೂ ಹೊರಬರುವ ಹೈಡ್ರೋಜನ್ ಕ್ಲೋರೈಡ್ ತೇವದೊಡನೆ ಸೇರಿದಾಗ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ಹೊಗೆ ತೆಳುವಾಗಿ ಕಂಡಿತೆಂದು ಆಮ್ಲವಿಲ್ಲವೆಂದು ತಿಳಿಯಬಾರದು; ಈ ಅನಿಲಕ್ಕೆ ಬಣ್ಣವಿಲ್ಲ.

ಇದರ ಪರಿಣಾಮಗಳು:

- ಕಣ್ಣು, ಮೂಗು, ಗಂಟಲು ಮತ್ತು ಶ್ವಾಸನಾಳಗಳಲ್ಲಿ ಉರಿ, ಕೆಮ್ಮು. ಅಸ್ತಮಾ ಇರುವವರಿಗೆ ಹೆಚ್ಚಿನ ತೊಂದರೆ.
- ಸಮೀಪದ ಗಿಡಮರಗಳ ಎಲೆಯ ಅಂಚು ಸುಟ್ಟಂತಾಗುವುದು.
- ತಗಡಿನ ಛಾವಣಿ, ಬೇಲಿಯ ತಂತಿ, ಭಟ್ಟಿಯ ಕಬ್ಬಿಣದ ಕಟ್ಟು, ವಿದ್ಯುತ್ ಉಪಕರಣಗಳು ಬೇಗನೆ ತುಕ್ಕು ಹಿಡಿಯುವುದು.

ಪಾಲಿಸಬೇಕಾದ ಮುನ್ನೆಚ್ಚರಿಕೆಗಳು:

- ಭಟ್ಟಿಯನ್ನು ಮನೆ, ಶಾಲೆ, ಅಂಗನವಾಡಿ, ಕುಡಿಯುವ ನೀರಿನ ತೆರೆದ ಮೂಲ ಮತ್ತು ಬೆಳೆಯ ಹೊಲಗಳಿಂದ ದೂರವಾಗಿ, ವಾಡಿಕೆಯ ಗಾಳಿಯು ವಸತಿಯ ಕಡೆಗೆ ಬೀಸದ ದಿಕ್ಕಿನಲ್ಲಿ ನಿರ್ಮಿಸುವುದು.
- ಮುಚ್ಚಿದ ಕೊಠಡಿಯೊಳಗೆ ಉಪ್ಪಿನ ಭಟ್ಟಿಯನ್ನು ಇಡದಿರುವುದು. ನಾಲ್ಕೂ ಬದಿ ತೆರೆದ ಚಪ್ಪರ ಸೂಕ್ತ.
- ಉಪ್ಪು ಹಾಕುವಾಗ ಆಮ್ಲ ಅನಿಲವನ್ನು ತಡೆಯುವ ಕಾರ್ಟ್ರಿಜ್ ಉಳ್ಳ ಮುಖವಾಡ, ಗಾಢ ಬಣ್ಣದ ಕನ್ನಡಕ, ಚರ್ಮದ ಕೈಗವಸು ಧರಿಸುವುದು. ಒದ್ದೆ ಬಟ್ಟೆ ಅಥವಾ ಸಾದಾ ಬಟ್ಟೆಯ ಮುಖಗವಸು ಇದಕ್ಕೆ ಸಾಲದು.
- ಉಪ್ಪು ಹಾಕುವ ವೇಳೆ ಇಬ್ಬರು ಇರುವುದು, ಮಕ್ಕಳನ್ನು ದೂರವಿಡುವುದು.
- ಗಾಳಿ ನಿಂತಿರುವ ಮುಂಜಾವು ಮತ್ತು ಮಂಜಿನ ವೇಳೆಯಲ್ಲಿ ಉಪ್ಪು ಹಾಕದಿರುವುದು.
- ಒಣ ಮಣ್ಣಿನ ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸುವುದು. ಸಿಲಿಕಾ ದೂಳನ್ನು ವರ್ಷಗಟ್ಟಲೆ ಸೇವಿಸಿದವರಿಗೆ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ವಾಸಿಯಾಗುವುದಿಲ್ಲ.

8. ಪರ್ಯಾಯ ವಿಧಾನ: ಸೋಡಾ ಮೆರುಗು

ಉಪ್ಪಿನ ಬದಲಾಗಿ ಅಡುಗೆ ಸೋಡಾ ಅಥವಾ ವಾಷಿಂಗ್ ಸೋಡಾ ಬಳಸಿಯೂ ಆವಿಯ ಮೆರುಗನ್ನು ಪಡೆಯಬಹುದು. ಇವುಗಳಲ್ಲಿ ಕ್ಲೋರಿನ್ ಇಲ್ಲದಿರುವುದರಿಂದ ಹೈಡ್ರೋಜನ್ ಕ್ಲೋರೈಡ್ ಉತ್ಪತ್ತಿಯಾಗುವುದಿಲ್ಲ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆದರೆ ಸೋಡಾ ಉಪ್ಪಿನಷ್ಟು ಸುಲಭವಾಗಿ ಆವಿಯಾಗಿ ಹರಡುವುದಿಲ್ಲ. ಆದ್ದರಿಂದ ಬಿಸಿನೀರಿನಲ್ಲಿ ಕರಗಿಸಿ ಭಟ್ಟಿಯ ಹಲವು ರಂಧ್ರಗಳಿಂದ ಸಿಂಪಡಿಸಬೇಕಾಗುತ್ತದೆ. ಮೆರುಗು ಒಂದು ಬದಿಗೆ ದಟ್ಟವಾಗಿ ಇನ್ನೊಂದು ಬದಿಗೆ ತೆಳುವಾಗಿ ಬರುವುದು ಇದರಲ್ಲಿ ಹೆಚ್ಚು. ಇಟ್ಟಿಗೆಗಳ ಸವೆತ, ಭಟ್ಟಿಯು ಬೇರೆ ಕೆಲಸಕ್ಕೆ ಒದಗದಿರುವಿಕೆ ಮತ್ತು ದೂಳಿನ ತೊಂದರೆ ಇಲ್ಲಿಯೂ ಇರುತ್ತವೆ. ವಸತಿಗೆ ಸಮೀಪದಲ್ಲಿ ಜಾಗವಿರುವ ಅರ್ಜಿದಾರರು ಸೋಡಾ ವಿಧಾನವನ್ನಾಗಲಿ, ಅದ್ದಿ ಲೇಪಿಸುವ ಸೀಸರಹಿತ ಮೆರುಗನ್ನಾಗಲಿ ಮೊದಲು ಪರಿಶೀಲಿಸುವುದು ಸೂಕ್ತ.

9. ಅನುಮತಿ ಮತ್ತು ಸೌಲಭ್ಯಗಳು

(ಅ) ಮಾಲಿನ್ಯ ನಿಯಂತ್ರಣ: ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1974 ಹಾಗೂ ವಾಯು (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1981 ರ ಅನ್ವಯ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಘಟಕದ ಸ್ಥಾಪನೆಗೆ ಮತ್ತು ಕಾರ್ಯಾಚರಣೆಗೆ ಪ್ರತ್ಯೇಕವಾಗಿ ಸಮ್ಮತಿ ನೀಡುತ್ತದೆ. ಸ್ಥಾಪನಾ ಸಮ್ಮತಿಯನ್ನು ಭಟ್ಟಿಯ ಅಡಿಪಾಯ ಹಾಕುವ ಮೊದಲೇ ಪಡೆಯಬೇಕು. ಪರಿಸರ (ಸಂರಕ್ಷಣೆ) ನಿಯಮಗಳು, 1986 ರ ಅಡಿಯಲ್ಲಿ ಸೆರಾಮಿಕ್ ಭಟ್ಟಿಗಳ ಹೊಗೆಯಲ್ಲಿನ ದೂಳಿನ ಕಣ, ಫ್ಲೋರೈಡ್ ಮತ್ತು ಕ್ಲೋರೈಡ್‌ಗಳಿಗೆ ಮಿತಿ ಗೊತ್ತುಪಡಿಸಲಾಗಿದೆ. ಉಪ್ಪು ಮೆರುಗಿನ ಭಟ್ಟಿಗೆ ಇವುಗಳಲ್ಲಿ ಕ್ಲೋರೈಡ್ ಮಿತಿಯು ಮುಖ್ಯವಾದುದು. ಅರ್ಜಿಯಲ್ಲಿ ಕೇವಲ ಕುಂಬಾರಿಕೆ ಎಂದು ನಮೂದಿಸದೆ, ಉಪ್ಪು ಬಳಸುವ ವಿಷಯ, ಪ್ರತಿ ಸುಡುವಿಕೆಯ ಉಪ್ಪಿನ ತೂಕ, ಇಂಧನ ಮತ್ತು ತಿಂಗಳಿಗೆ ಎಷ್ಟು ಬಾರಿ ಸುಡಲಾಗುವುದು ಎಂಬುದನ್ನು ಸ್ಪಷ್ಟವಾಗಿ ತಿಳಿಸತಕ್ಕದ್ದು. ಘಟಕವು ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಮಂಡಳಿಯ ಪ್ರಾದೇಶಿಕ ಕಛೇರಿಯಿಂದ ಲಿಖಿತವಾಗಿ ಪಡೆದುಕೊಳ್ಳುವುದು ಒಳಿತು.

(ಆ) ಜಮೀನು: ಕೃಷಿ ಜಮೀನಿನಲ್ಲಿ ಘಟಕ ಸ್ಥಾಪಿಸುವುದಾದಲ್ಲಿ ಕರ್ನಾಟಕ ಭೂ ಕಂದಾಯ ಅಧಿನಿಯಮ, 1964 ರ ಅನ್ವಯ ಭೂ ಪರಿವರ್ತನೆ ಮತ್ತು ಸ್ಥಳೀಯ ಸಂಸ್ಥೆಯ ಪರವಾನಗಿಯ ಕುರಿತು ವಿಚಾರಿಸತಕ್ಕದ್ದು.

(ಇ) ಮಣ್ಣು: ಕುಂಬಾರರು ತಮ್ಮ ರೂಢಿಯಂತೆ ಮಡಕೆ, ಹಣತೆ, ಆಟಿಕೆಗಳಿಗಾಗಿ ಕೈಯಿಂದ ಸಾಮಾನ್ಯ ಜೇಡಿಮಣ್ಣು ತೆಗೆಯುವುದಕ್ಕೆ ಕೇಂದ್ರ ಸರ್ಕಾರದ 2016 ರ ಅಧಿಸೂಚನೆಯು ಪರಿಸರ ಅನುಮೋದನೆಯಿಂದ ವಿನಾಯಿತಿ ನೀಡಿತು, 2020 ರ ತಿದ್ದುಪಡಿಯಲ್ಲಿಯೂ ಈ ವಿನಾಯಿತಿಯನ್ನು ಸೇರಿಸಲಾಯಿತು. ಸ್ಟೋನ್‌ವೇರ್‌ಗೆ ಬೇಕಾಗುವ ಚೀನಿ ಜೇಡಿ ಮತ್ತು ಅಗ್ನಿನಿರೋಧಕ ಜೇಡಿ ಬೇರೆಯವು. ಇವುಗಳನ್ನು 2015 ರಲ್ಲಿ ಉಪ ಖನಿಜಗಳೆಂದು ಘೋಷಿಸಲಾಗಿದ್ದು, ಇವುಗಳ ಗಣಿಗಾರಿಕೆಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಅಗತ್ಯವಿರುತ್ತದೆ. ಅಧಿಕೃತ ಮಾರಾಟಗಾರರಿಂದ ಖರೀದಿಸಿದ ರಸೀದಿಗಳನ್ನು ಕಾಯ್ದಿಡಬೇಕು.

(ಈ) ಆರ್ಥಿಕ ನೆರವು: ಸೆಪ್ಟೆಂಬರ್ 17, 2023 ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಸೇರಿದೆ. 18 ವರ್ಷ ತುಂಬಿದ, ಸ್ವಂತ ಕಸುಬು ನಡೆಸುವ ಕುಶಲಕರ್ಮಿಗಳಿಗೆ, ಒಂದು ಕುಟುಂಬಕ್ಕೆ ಒಬ್ಬರಂತೆ ಇದು ಅನ್ವಯಿಸುತ್ತದೆ. ತರಬೇತಿ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ, ಹಾಗೂ ಶೇಕಡ 5 ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ ರೂಪಾಯಿವರೆಗೆ ಮೇಲಾಧಾರವಿಲ್ಲದ ಸಾಲ ಯೋಜನೆಯಲ್ಲಿ ಒಳಗೊಂಡಿವೆ. ಕಳೆದ 5 ವರ್ಷಗಳಲ್ಲಿ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಂತಹ ಸಾಲ ಯೋಜನೆಯ ನೆರವು ಪಡೆದವರು ಅರ್ಹರಾಗುವುದಿಲ್ಲ. ಆದ್ದರಿಂದ ಯಾವ ಯೋಜನೆಯಡಿ ಅರ್ಜಿ ಸಲ್ಲಿಸಬೇಕೆಂಬುದನ್ನು ಭಟ್ಟಿಯ ಒಟ್ಟು ವೆಚ್ಚ ಲೆಕ್ಕ ಹಾಕಿದ ನಂತರ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ ನಿರ್ಧರಿಸುವುದು ಸೂಕ್ತ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಈಗಿರುವ ಮಡಕೆ ಸುಡುವ ಆವಿಗೆಯಲ್ಲಿಯೇ ಉಪ್ಪು ಹಾಕಬಹುದೇ?
ಉತ್ತರ: ಸಾಧ್ಯವಿಲ್ಲ. ಅಷ್ಟು ಶಾಖ ಆವಿಗೆಯಲ್ಲಿ ಬರುವುದಿಲ್ಲ. ಮೆರುಗು ಮೂಡದೆ ಹೊಗೆ ಮಾತ್ರ ಉಂಟಾಗುತ್ತದೆ.

ಪ್ರಶ್ನೆ: ವಿದ್ಯುತ್ ಭಟ್ಟಿಯಲ್ಲಿ ಉಪ್ಪು ಮೆರುಗು ಮಾಡಬಹುದೇ?
ಉತ್ತರ: ಮಾಡಬಾರದು. ಉಪ್ಪಿನ ಆವಿಯು ವಿದ್ಯುತ್ ಸುರುಳಿಗಳನ್ನೂ ಒಳಗಿನ ಹಗುರ ಇಟ್ಟಿಗೆಗಳನ್ನೂ ಹಾಳುಮಾಡುತ್ತದೆ. ಸಹಾಯಧನದಲ್ಲಿ ಪಡೆದ ವಿದ್ಯುತ್ ಭಟ್ಟಿಯನ್ನು ಈ ಪ್ರಯೋಗಕ್ಕೆ ಬಳಸಿದರೆ ಅದು ಯಾವ ಕೆಲಸಕ್ಕೂ ಉಳಿಯುವುದಿಲ್ಲ.

ಪ್ರಶ್ನೆ: ಅಯೋಡಿನ್ ಉಪ್ಪು ಬೇಕೇ?
ಉತ್ತರ: ಬೇಕಿಲ್ಲ. ಸಾದಾ ಹರಳುಪ್ಪು ಸಾಕು.

ಪ್ರಶ್ನೆ: ಎತ್ತರದ ಚಿಮಣಿ ಕಟ್ಟಿದರೆ ಆಮ್ಲದ ತೊಂದರೆ ತಪ್ಪುತ್ತದೆಯೇ?
ಉತ್ತರ: ಚಿಮಣಿಯು ಅನಿಲವನ್ನು ಚದುರಿಸುತ್ತದೆ, ಇಲ್ಲವಾಗಿಸುವುದಿಲ್ಲ. ಉಪ್ಪಿನ ತೂಕ ಕಡಿಮೆ ಮಾಡುವುದು, ಹೊಗೆಯನ್ನು ನೀರಿನಿಂದ ತೊಳೆಯುವ ವ್ಯವಸ್ಥೆ ಅಳವಡಿಸುವುದು ಅಥವಾ ಸೋಡಾ ಬಳಸುವುದು ಇದಕ್ಕೆ ಪರಿಹಾರಗಳು. ತೊಳೆದ ನೀರು ಆಮ್ಲೀಯವಾಗಿರುವುದರಿಂದ ಅದನ್ನು ಸುಣ್ಣದಿಂದ ಶಮನಗೊಳಿಸದೆ ಚರಂಡಿಗೆ ಬಿಡಬಾರದು.

ಪ್ರಶ್ನೆ: ನೆರೆಯ ಭಟ್ಟಿಯ ಹೊಗೆಯಿಂದ ತೊಂದರೆಗೊಳಗಾದವರು ಏನು ಮಾಡಬೇಕು?
ಉತ್ತರ: ದಿನಾಂಕ, ವೇಳೆ, ಗಾಳಿಯ ದಿಕ್ಕು ಮತ್ತು ಕಂಡ ಪರಿಣಾಮಗಳನ್ನು ಬರೆದಿಟ್ಟುಕೊಂಡು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಛೇರಿಗೆ ಲಿಖಿತ ದೂರು ಸಲ್ಲಿಸಬಹುದು.

11. ಅರ್ಜಿದಾರರ ವಿಶೇಷ ಗಮನಕ್ಕೆ

ಅರ್ಜಿ ಸಲ್ಲಿಸುವ ಮುನ್ನ ಈ ಕೆಳಕಂಡವುಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು:

- ಮಣ್ಣಿನ ಮಾದರಿಯನ್ನು ನಿಗದಿತ ಶಾಖದಲ್ಲಿ ಸುಟ್ಟು ಪರೀಕ್ಷಿಸಲಾಗಿದೆ.
- ಭಟ್ಟಿಯು ಉಪ್ಪು ಮೆರುಗಿಗೆ ಮಾತ್ರ ಮೀಸಲಾಗುವುದೆಂದು ತಿಳಿದೇ ವೆಚ್ಚ ಮತ್ತು ಆದಾಯದ ಲೆಕ್ಕ ಹಾಕಲಾಗಿದೆ. ಹಲಗೆ, ಇಟ್ಟಿಗೆಗಳ ಬದಲಾವಣೆಯ ವೆಚ್ಚವನ್ನೂ ಸೇರಿಸಲಾಗಿದೆ.
- ಗಾಳಿಯ ದಿಕ್ಕು ಮತ್ತು ಸುತ್ತಲಿನ ವಸತಿ ತೋರಿಸುವ ಸ್ಥಳದ ನಕ್ಷೆ ಸಿದ್ಧವಿದೆ.
- ಸ್ಥಾಪನಾ ಸಮ್ಮತಿಯ ಅರ್ಜಿಯಲ್ಲಿ ಉಪ್ಪಿನ ಬಳಕೆಯನ್ನು ನಮೂದಿಸಲಾಗಿದೆ.
- ಕೆಲಸಗಾರರಿಗೆ ಬೇಕಾದ ಮುಖವಾಡ ಮತ್ತು ಇತರ ಸಾಧನಗಳ ವೆಚ್ಚವನ್ನು ಯೋಜನಾ ವರದಿಯಲ್ಲಿ ತೋರಿಸಲಾಗಿದೆ.

ಈ ಮಾಹಿತಿಯು ಮಾರ್ಗದರ್ಶನಕ್ಕಾಗಿ ಮಾತ್ರ ಇರುತ್ತದೆ. ಕಾಯಿದೆ, ನಿಯಮ ಹಾಗೂ ಯೋಜನೆಗಳ ಷರತ್ತುಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ, ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಆದೇಶಗಳೇ ಅಂತಿಮವಾಗಿರುತ್ತವೆ.